ಬಾಲ ಹುಂಜಕ್ಕೆ, ಲೆಕ್ಕ ಹೇಂಟೆಗೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ ಇದೆ, ಮನೆಯಲ್ಲಿ ಮೊದಲಿಂದಲೂ ನಾಟಿ ಕೋಳಿ ಸಾಕುತ್ತೇವೆ. ಹೋದ ವರ್ಷ ಕೇರಳದ ಒಬ್ಬರಿಂದ ಉದ್ದ ಬಾಲದ ಒಂದು ಹುಂಜ, ಎರಡು ಹೇಂಟೆ ತಂದೆ. ‘ಒನಗಡೋರಿ’ ಅಂತ ಹೇಳಿ ಕೊಟ್ಟರು. ಬೆಳ್ಳಿ ಬಣ್ಣದ ಹುಂಜ, ಈಗ 14 ತಿಂಗಳು, ಬಾಲ ಎರಡೂವರೆ ಅಡಿ ಇದೆ. ಹೇಂಟೆಗಳಿಗೆ ಅಂಥ ಬಾಲವೇ ಇಲ್ಲ. ಇವನ್ನೇ ಇಟ್ಟುಕೊಂಡು ಸ್ವಂತ ತಳಿ ಬೆಳೆಸಬೇಕು ಅಂತ ಆಸೆ. ಎಷ್ಟು ಕೋಳಿ ಬೇಕು? ನಾಟಿ ಹೇಂಟೆ ಜೊತೆ ಕ್ರಾಸ್ ಮಾಡಿದರೆ ಮಲೆನಾಡಿನ ಮಳೆಗೆ ಗಟ್ಟಿಯಾಗುತ್ತವಾ? ತೋಟಕ್ಕೆ ಕಾಡುಕೋಳಿ ಬರುತ್ತವೆ, ಅದರ ಜೊತೆ ಮಾಡಬಹುದಾ? ಜಪಾನಿನ ಫೋಟೋಗಳಲ್ಲಿ ಇರುವ ಹಾಗೆ ಬಾಲ ಬರಲು ಎಷ್ಟು ವರ್ಷ ಹಿಡಿಯುತ್ತದೆ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಹುಂಜ ಗಳ ಹತ್ತಿ ಕೂತ ಮೇಲೆ ಟಾರ್ಚ್ ಹಿಡಿದು ಹೋಗಿ. ಕತ್ತಲಲ್ಲಿ ಕೋಳಿ ಸುಮ್ನೆ ಕೂತಿರುತ್ತದೆ. ಬಾಲದ ಬುಡದ ಸಣ್ಣ ಗರಿಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಉದ್ದದ ಒಂದು ಗರಿ ಚರ್ಮದಿಂದ ಹೊರಗೆ ಬರುವ ಜಾಗ ನೋಡಿ. ಅಲ್ಲಿ ಗರಿಯ ದಂಟು ನೇರಳೆ ಬಣ್ಣಕ್ಕಿದ್ದು, ಮುಟ್ಟಿದರೆ ಸ್ವಲ್ಪ ಮೆತ್ತಗಿದ್ದರೆ ಒಳಗೆ ರಕ್ತ ಹರಿಯುತ್ತಿದೆ ಅಂತ ಅರ್ಥ. ಆ ಗರಿ ಇನ್ನೂ ಬೆಳೆಯುತ್ತಿದೆ. ದಂಟು ಬೆಳ್ಳಗೆ ಒಣಗಿ ಗಟ್ಟಿಯಾಗಿದ್ದರೆ ಅದರ ಬೆಳವಣಿಗೆ ಮುಗಿದಿದೆ, ಇನ್ನು ಉದುರುವುದೊಂದೇ ಬಾಕಿ. ಉದ್ದ ಬಾಲದ ಕೋಳಿಯಲ್ಲಿ ನಾವು ಹುಡುಕುವುದು ಇದನ್ನೇ. ಇವತ್ತು ಬಾಲ ಎಷ್ಟು ಉದ್ದ ಇದೆ ಅನ್ನುವುದಕ್ಕಿಂತ, ಬುಡದಲ್ಲಿ ಇನ್ನೂ ಜೀವ ಇದೆಯಾ ಅನ್ನುವುದು ಮುಖ್ಯ.

ಬುಡ ನೇರಳೆ ಇದ್ದರೆ ಗರಿಯ ಬುಡದಲ್ಲಿ ನೇಲ್ ಪಾಲಿಶ್‌ನ ಒಂದು ಸಣ್ಣ ಚುಕ್ಕೆ ಇಡಿ. ಗರಿ ಬೆಳೆಯುವುದು ಬುಡದಿಂದ. ಹಾಗಾಗಿ ಚುಕ್ಕೆ ದಿನ ಕಳೆದಂತೆ ಹೊರಗೆ ಸರಿಯುತ್ತದೆ. ತಿಂಗಳ ನಂತರ ಚರ್ಮದಿಂದ ಚುಕ್ಕೆವರೆಗೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಐದಾರು ಸೆಂಟಿಮೀಟರ್ ಬಂದರೆ ನಿಮ್ಮ ಹುಂಜ ನಿಜಕ್ಕೂ ಒಳ್ಳೆಯದು.

ಈಗ ಹೆಸರಿನ ವಿಷಯ. ಒನಗಡೋರಿ ಜಪಾನಿನ ಕೊಚಿ ಪ್ರಾಂತ್ಯದ ಕೋಳಿ. ಆ ಜಾಗದ ಹಳೆಯ ಹೆಸರು ತೋಸಾ. ಅಲ್ಲಿನ ಪಾಳೆಯಗಾರರ ಮೆರವಣಿಗೆಯ ಭರ್ಜಿಗಳಿಗೆ ಈ ಗರಿಗಳ ಅಲಂಕಾರ ಇರುತ್ತಿತ್ತು. 1923ರಲ್ಲಿ ಜಪಾನ್ ಸರ್ಕಾರ ಇದನ್ನು ನೈಸರ್ಗಿಕ ಸ್ಮಾರಕ ಎಂದು ಘೋಷಿಸಿತು, 1952ರಲ್ಲಿ ವಿಶೇಷ ನೈಸರ್ಗಿಕ ಸ್ಮಾರಕ ಎಂಬ ಇನ್ನೂ ಮೇಲಿನ ಸ್ಥಾನ ಕೊಟ್ಟಿತು. ಜಪಾನಿನ ಕೋಳಿ ತಳಿಗಳಲ್ಲಿ ಆ ಸ್ಥಾನ ಇರುವುದು ಇದೊಂದಕ್ಕೇ. ಇಷ್ಟು ಕಾಪಾಡಿಕೊಂಡ ಕೋಳಿ ಮಾರುವವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಹೊರದೇಶದಿಂದ ಜೀವಂತ ಕೋಳಿ ಅಥವಾ ಮರಿ ಮಾಡುವ ಮೊಟ್ಟೆ ತರಲು ನಮ್ಮಲ್ಲಿ ಕೇಂದ್ರ ಸರ್ಕಾರದ ಪರವಾನಗಿ, ಕ್ವಾರಂಟೈನ್ ಎಲ್ಲ ಇದೆ. ನಮ್ಮಲ್ಲಿ ಒನಗಡೋರಿ ಅಂತ ಕೈಬದಲಾಗುವ ಕೋಳಿಗಳು ಬಹುತೇಕ ಜರ್ಮನಿಯಲ್ಲಿ ಬೆಳೆಸಿದ ಫೀನಿಕ್ಸ್ ತಳಿಯವು, ಅಥವಾ ಫೀನಿಕ್ಸ್‌ನ ಮಿಶ್ರ ಮರಿಗಳು. ಬೇಜಾರು ಮಾಡಿಕೊಳ್ಳಬೇಡಿ. ಫೀನಿಕ್ಸ್ ಕೂಡ ಬಹಳ ಚೆಂದದ ಕೋಳಿ. ನಿಮ್ಮದನ್ನು ಫೀನಿಕ್ಸ್ ಅಂತಲೇ ಕರೆಯಿರಿ, ಮರಿ ಕೊಡುವಾಗಲೂ ಹಾಗೇ ಹೇಳಿ ಕೊಡಿ. ಒಂದು ಸುಳ್ಳು ಹೆಸರು ನಾಲ್ಕು ಕೈ ದಾಟಿದರೆ ಮುಂದೆ ಯಾರಿಗೂ ಯಾವ ಕೋಳಿ ಏನು ಅಂತ ಗೊತ್ತಾಗದ ಹಾಗೆ ಆಗುತ್ತದೆ.

ಫೀನಿಕ್ಸ್ ಹುಟ್ಟಿದ ಕಥೆಯಲ್ಲಿ ನಿಮ್ಮ ನಾಟಿ ಕ್ರಾಸ್ ಪ್ರಶ್ನೆಗೂ ಉತ್ತರ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಜಪಾನಿನ ಉದ್ದ ಬಾಲದ ಕೋಳಿಗಳು ಜರ್ಮನಿಗೆ ಹೋದವು. ಬಂದದ್ದೇ ಕೆಲವು, ಅವೂ ಸೂಕ್ಷ್ಮ. ಹ್ಯೂಗೋ ಡು ರೋಯ್ ಎಂಬವರು ಅವನ್ನು ಅಲ್ಲಿನ ಗಟ್ಟಿ ತಳಿಗಳ ಜೊತೆ ಕೂಡಿಸಿ ಫೀನಿಕ್ಸ್ ಬೆಳೆಸಿದರು. ಕೋಳಿ ಗಟ್ಟಿಯಾಯಿತು, ಮೊಟ್ಟೆ ಜಾಸ್ತಿಯಾಯಿತು. ಆದರೆ ವರ್ಷ ವರ್ಷ ಗರಿ ಉದುರಿಸದೆ ಉಳಿಸಿಕೊಳ್ಳುವ ಗುಣ ಬಹುಪಾಲು ಹೋಯಿತು. ಕೊಚಿಯಲ್ಲಿ 1970ರ ದಶಕದಲ್ಲಿ ಹತ್ತು ಮೀಟರ್ ದಾಟಿದ ಬಾಲ ದಾಖಲಾಗಿದೆ. ಫೀನಿಕ್ಸ್ ಹುಂಜಕ್ಕೆ ಒಂದು, ಒಂದೂವರೆ ಮೀಟರ್ ಬಂದರೆ ದೊಡ್ಡದು. ನೀವು ನಾಟಿ ಹೇಂಟೆ ಜೊತೆ ಮಾಡಬೇಕು ಅಂತಿರುವುದು ಅದೇ ಕೆಲಸ, ಎರಡನೇ ಸಲ.

ನಾನೂ ಇದನ್ನು ಮಾಡಿ ನೋಡಿದ್ದೇನೆ. ಮೊದಲ ತಲೆಮಾರಿನ ಮರಿಗಳು ಬಹಳ ಚುರುಕಾಗಿದ್ದವು. ಹುಂಜಗಳಿಗೆ ನಾಟಿಗಿಂತ ಉದ್ದದ ಬಾಲ ಬಂತು. ಆದರೆ ಒಂದೂವರೆ ವರ್ಷಕ್ಕೆ ಎಲ್ಲವೂ ಗರಿ ಉದುರಿಸಿ ಬೋಳಾದವು. ಉದುರಿಸದಿರುವ ಗುಣ ಅಡಗಿ ಕೂರುವ ಜಾತಿಯದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಒಂದೇ ಜೀನ್ ಅಂತ ಇಟ್ಟುಕೊಂಡು ಸುಲಭದ ಲೆಕ್ಕ ಹಾಕೋಣ. ಮೊದಲ ತಲೆಮಾರಿನ ಅಣ್ಣ ತಂಗಿಯರನ್ನು ಕೂಡಿಸಿ 40 ಮರಿ ತೆಗೆದಿರಿ ಅಂತಿಟ್ಟುಕೊಳ್ಳಿ. ನಾಲ್ಕರಲ್ಲಿ ಒಂದಕ್ಕೆ, ಅಂದರೆ ಹತ್ತು ಮರಿಗೆ ಆ ಗುಣ ಇರುತ್ತದೆ. ಅದರಲ್ಲಿ ಐದು ಹುಂಜ, ಐದು ಹೇಂಟೆ. ಹುಂಜ ಐದನ್ನು ನೀವು ಎರಡು ವರ್ಷ ಕಾದು ಗುರುತಿಸುತ್ತೀರಿ. ಹೇಂಟೆ ಐದು ಯಾವುವು? ನೋಡಿ ಹೇಳಲು ಸಾಧ್ಯವೇ ಇಲ್ಲ. ನಿಜದಲ್ಲಿ ಬಾಲದ ಉದ್ದಕ್ಕೆ, ಬೆಳೆಯುವ ವೇಗಕ್ಕೆ, ಗರಿಯ ಅಗಲಕ್ಕೆ ಬೇರೆ ಬೇರೆ ಜೀನ್‌ಗಳ ಕೈವಾಡ ಇದೆ, ಹಾಗಾಗಿ ಈ ಲೆಕ್ಕಕ್ಕಿಂತ ಕಡಿಮೆಯೇ ಸಿಗುತ್ತದೆ.

ಈ ಕೆಲಸದ ಕಷ್ಟವೆಲ್ಲ ಆ ಹೇಂಟೆಗಳಲ್ಲೇ ಇದೆ. ಉದ್ದ ಬಾಲ ಬೆಳೆಯುವುದು ಹುಂಜಕ್ಕೆ ಮಾತ್ರ. ಹೇಂಟೆಯ ಹಾರ್ಮೋನು ಆ ಗರಿಗಳನ್ನು ಬೆಳೆಯಲು ಬಿಡುವುದಿಲ್ಲ. ಆದರೆ ಮರಿಗೆ ಅರ್ಧ ಗುಣ ಬರುವುದು ತಾಯಿಯಿಂದ. ನಿಮ್ಮ ಎರಡು ಹೇಂಟೆಗಳಲ್ಲಿ ಒಂದು ಚಿನ್ನ ಇರಬಹುದು, ಇನ್ನೊಂದು ಬರೀ ಚೆಂದದ ಕೋಳಿ ಇರಬಹುದು. ಮೇಲ್ನೋಟಕ್ಕೆ ಎರಡೂ ಒಂದೇ.

ಶುರುವಿನ ವರ್ಷಗಳಲ್ಲಿ ನಾನು ಹೇಂಟೆಗಳನ್ನು ಕಣ್ಣಿಗೆ ಚೆಂದ ಕಂಡದ್ದರ ಮೇಲೆ ಆರಿಸುತ್ತಿದ್ದೆ. ಒಳ್ಳೆಯ ಬಣ್ಣ, ನೆಟ್ಟಗಿನ ನಿಲುವು, ಬಿಳಿ ಕಿವಿಹಾಲೆ. ನಮ್ಮಲ್ಲಿ ಒಂದು ಮಂಕು ಬಣ್ಣದ ಗಿಡ್ಡ ಹೇಂಟೆ ಇತ್ತು. ಜುಟ್ಟು ಒಂದು ಕಡೆ ವಾಲಿತ್ತು. ಅದನ್ನು ಬರೀ ಕಾವಿಗೆ ಕೂರಿಸಲು ಇಟ್ಟುಕೊಂಡಿದ್ದೆ. ಒಮ್ಮೆ ಅದರದೇ ನಾಲ್ಕು ಮೊಟ್ಟೆ ಬೇರೆಯವುಗಳ ಜೊತೆ ಸೇರಿಹೋಗಿದ್ದವು. ಅದು ಇಡುವುದು ಸ್ವಲ್ಪ ಚೂಪು ತುದಿಯ ಮೊಟ್ಟೆ, ಅದರಿಂದ ಗುರುತು ಹಿಡಿದು ಆ ಮರಿಗಳ ಕಾಲಿಗೆ ಕೆಂಪು ದಾರ ಕಟ್ಟಿದೆ. ನಾಲ್ಕರಲ್ಲಿ ಎರಡು ಹುಂಜವಾದವು. ಎರಡೂ ಮೊದಲ ಸಲ ಗರಿ ಬದಲಿಸುವ ಕಾಲದಲ್ಲಿ ಮೈಗರಿ ಉದುರಿಸಿದವು, ಬಾಲದ ಉದ್ದ ಗರಿಗಳನ್ನು ಮಾತ್ರ ಹಾಗೇ ಉಳಿಸಿಕೊಂಡವು. ಆ ಹೊತ್ತಿಗೆ ಹೇಂಟೆಗೆ ನಾಲ್ಕು ವರ್ಷ. ಮೊಟ್ಟೆ ಬಹಳ ಕಡಿಮೆಯಾಗಿತ್ತು. ಆ ವರ್ಷ ಅದರಿಂದ ಸಿಕ್ಕಿದ್ದು ಹನ್ನೊಂದು ಮೊಟ್ಟೆ. ಇವತ್ತು ನನ್ನ ಹತ್ತಿರ ಇರುವ ಒಳ್ಳೆಯ ಹುಂಜಗಳೆಲ್ಲ ಆ ಹನ್ನೊಂದು ಮೊಟ್ಟೆಯ ವಂಶ.

ಅದಕ್ಕೇ ಹೇಳುತ್ತೇನೆ, ನೀವು ಮೊದಲ ದಿನದಿಂದಲೇ ಎರಡು ಹೇಂಟೆಯ ಮೊಟ್ಟೆ ಬೇರೆ ಬೇರೆ ಇಡಿ. ಮಧ್ಯೆ ಜಾಲರಿ ಹಾಕಿ ಎರಡು ಗೂಡು ಮಾಡಿ, ಹುಂಜವನ್ನು ಎರಡು ದಿನ ಇಲ್ಲಿ, ಎರಡು ದಿನ ಅಲ್ಲಿ ಬಿಟ್ಟರೆ ಸಾಕು. ಹೇಂಟೆಯ ಮೈಯಲ್ಲಿ ಹುಂಜದ ವೀರ್ಯ ಹತ್ತು ದಿನಕ್ಕೂ ಹೆಚ್ಚು ಉಳಿಯುತ್ತದೆ, ಆದ್ದರಿಂದ ಮೊಟ್ಟೆಗೆ ಕಾಳು ಕಟ್ಟುವುದಕ್ಕೆ, ಅಂದರೆ ಮರಿಯಾಗುವ ಮೊಟ್ಟೆ ಸಿಗುವುದಕ್ಕೆ, ತೊಂದರೆ ಇಲ್ಲ. ಅದೇ ಕಾರಣಕ್ಕೆ, ಮುಂದೆ ಹುಂಜ ಬದಲಿಸಿದಾಗ ಮೂರು ವಾರದ ಮೊಟ್ಟೆಯನ್ನು ಅಡುಗೆಮನೆಗೆ ಕೊಡಿ, ಮರಿ ಮಾಡಬೇಡಿ. ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ಹೇಂಟೆಯ ನಂಬರ್, ತಾರೀಖು ಬರೆಯಿರಿ. ಪೆನ್ನು, ಮಾರ್ಕರ್ ಬೇಡ, ಮೊಟ್ಟೆಯ ಸಿಪ್ಪೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ತಂಪು ಜಾಗದಲ್ಲಿ ಒಂದು ವಾರ ಇಟ್ಟು ಒಟ್ಟಿಗೆ ಕಾವಿಗೆ ಕೂರಿಸಬಹುದು. ಇನ್ಕ್ಯುಬೇಟರ್ ಆದರೆ ಫ್ಯಾನ್ ಇರುವಂಥದ್ದಕ್ಕೆ 37.5 ಡಿಗ್ರಿ, 21 ದಿನ. ಮಳೆಗಾಲದಲ್ಲಿ ನಿಮ್ಮ ಕಡೆ ಗಾಳಿಯಲ್ಲೇ ತೇವ ಇರುತ್ತದೆ, ಶುರುವಿನ 18 ದಿನ ನೀರಿನ ತಟ್ಟೆ ಕಡಿಮೆ ಮಾಡಿ.

ಮರಿ ಒಡೆದು ಬರುವಾಗಲೂ ಎರಡು ತಾಯಿಯ ಮೊಟ್ಟೆ ಒಂದೇ ಟ್ರೇಯಲ್ಲಿ ಇರಬಾರದು. ಒಡೆದ ಮೇಲೆ ಯಾರು ಯಾರ ಮರಿ ಅಂತ ಹೇಳಲಾಗುವುದಿಲ್ಲ. ಒಂದು ದಿನದ ಮರಿಯ ಕಾಲ್ಬೆರಳ ನಡುವಿನ ತೆಳು ಚರ್ಮದಲ್ಲಿ ಸಣ್ಣ ತೂತು ಮಾಡುವ ಪಂಚ್ ಸಿಗುತ್ತದೆ. ಎರಡು ಕಾಲಿನಲ್ಲಿ ಒಟ್ಟು ನಾಲ್ಕು ಜಾಗ, ತೂತು ಇದೆ ಇಲ್ಲ ಅಂತ ಲೆಕ್ಕ ಹಾಕಿದರೆ 16 ಬಗೆಯ ಗುರುತು ಮಾಡಬಹುದು. ಮೂರು ತಿಂಗಳಿಗೆ ನಂಬರಿನ ಕಾಲುಂಗುರ ಹಾಕಿ.

ಆಮೇಲೆ ಕಾಯುವ ಕೆಲಸ. ಹುಂಜದ ಮರಿಗಳ ನಿಜವಾದ ಬಾಲ ಬರುವುದು ಆರು ತಿಂಗಳ ನಂತರ. ಉದುರಿಸುತ್ತದಾ ಇಲ್ಲವಾ ಅಂತ ಗೊತ್ತಾಗುವುದು ಒಂದೂವರೆ ವರ್ಷಕ್ಕೆ. ಎಂಟು ತಿಂಗಳಿಗೆ ಬಾಲ ಗಿಡ್ಡ ಅಂತ ಸಾರು ಮಾಡಿಬಿಟ್ಟರೆ ಒಳ್ಳೆಯದೇ ಹೋಗಿರಬಹುದು. ಬಾಲ ಒಂದನ್ನೇ ನೋಡಬೇಡಿ. ಬೆನ್ನಿನ ಕೊನೆಯಲ್ಲಿ ಸೊಂಟದಿಂದ ಇಳಿಬೀಳುವ ಸಣ್ಣ ಎಳೆಯಂಥ ಗರಿಗಳಿರುತ್ತವಲ್ಲ, ಅವು ನೆಲ ಮುಟ್ಟುವಷ್ಟು ಇದ್ದರೆ ಅದು ಬಹಳ ಒಳ್ಳೆಯ ಲಕ್ಷಣ. ನನ್ನ ಅನುಭವದಲ್ಲಿ ಸೊಂಟದ ಗರಿ ಚೆನ್ನಾಗಿರುವ ಹುಂಜದ ಬಾಲ ಮೋಸ ಮಾಡಿಲ್ಲ. ಎರಡು ವರ್ಷ ಆದ ಮೇಲೆ ಪುಸ್ತಕ ತೆಗೆಯಿರಿ. ಒಂದನೇ ಹೇಂಟೆಯ ಗಂಡುಮಕ್ಕಳು ಹೇಗೆ, ಎರಡನೇ ಹೇಂಟೆಯವು ಹೇಗೆ? ಯಾರ ಗಂಡುಮಕ್ಕಳು ಚೆನ್ನಾಗಿವೆಯೋ ಆ ಹೇಂಟೆಯ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳಿ, ಅವು ನೋಡಲು ಹೇಗೇ ಇರಲಿ. ತಾಯಿ ಇನ್ನೂ ಮೊಟ್ಟೆ ಇಡುತ್ತಿದ್ದರೆ ಅದರಿಂದ ಆದಷ್ಟು ಮರಿ ತೆಗೆಯಿರಿ.

ಎಷ್ಟು ಕೋಳಿ ಬೇಕು ಅಂತ ಕೇಳಿದ್ದೀರಿ. ಒಂದು ಹುಂಜ ಎರಡು ಹೇಂಟೆ ಸಾಲದು. ಆ ಮೂರೂ ಒಂದೇ ತಾಯಿಯ ಮರಿಗಳಾಗಿರುವ ಸಾಧ್ಯತೆಯೂ ಇದೆ, ಮಾರಿದವರನ್ನು ಕೇಳಿ ನೋಡಿ. ಒಡಹುಟ್ಟಿದವನ್ನು ಕೂಡಿಸಿದರೆ ಮರಿಗಳ ಒಳಸಂಬಂಧದ ಪ್ರಮಾಣ 25 ಶೇಕಡಾ. ಹಾಗೇ ಮುಂದುವರಿಸಿದರೆ ಮೂರನೇ ತಲೆಮಾರಿಗೆ 50 ಶೇಕಡಾ. ಆಗ ಮೊಟ್ಟೆ ಕಾಳು ಕಟ್ಟುವುದಿಲ್ಲ, ಕಟ್ಟಿದ ಮರಿ ಸಿಪ್ಪೆಯಲ್ಲೇ ಸಾಯುತ್ತದೆ, ಬದುಕಿದ್ದು ಪೇಲವ. ಬಾಲ ಉದ್ದ ಇದ್ದು ಮರಿಯೇ ಆಗದಿದ್ದರೆ ತಳಿ ಎಲ್ಲಿಂದ ಬರಬೇಕು? ಈ ವರ್ಷವೇ ಬೇರೆ ಕಡೆಯಿಂದ, ಬೇರೆ ರಕ್ತದ ಇನ್ನೊಂದು ಜೊತೆ ತನ್ನಿ, ಅದೇ ಬೆಳ್ಳಿ ಬಣ್ಣದ್ದು. ಮುಂದೆ ಮೂರು ಮನೆ ಅಂತ ಮಾಡಿಕೊಳ್ಳಿ. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯಲಿ. ಗಂಡುಮರಿಗಳು ಪಕ್ಕದ ಮನೆಗೆ ಹೋಗಲಿ. ಒಂದರದು ಎರಡಕ್ಕೆ, ಎರಡರದು ಮೂರಕ್ಕೆ, ಮೂರರದು ಒಂದಕ್ಕೆ. ಇದೊಂದು ಕ್ರಮ ತಪ್ಪದಿದ್ದರೆ ಹದಿನೈದು ಇಪ್ಪತ್ತು ಕೋಳಿಯಲ್ಲಿ ಬಹಳ ವರ್ಷ ಹೊಸ ರಕ್ತ ಇಲ್ಲದೆ ನಡೆಯುತ್ತದೆ.

ಬಣ್ಣ ಬೆರೆಸಬೇಡಿ ಅನ್ನುವುದಕ್ಕೆ ಕಾರಣ ಇದೆ. ಕೋಳಿಯಲ್ಲಿ ಬೆಳ್ಳಿ, ಬಂಗಾರದ ಬಣ್ಣ ಲಿಂಗದ ಜೊತೆ ಸಾಗುತ್ತದೆ. ಬಂಗಾರದ ಹುಂಜಕ್ಕೆ ಬೆಳ್ಳಿ ಹೇಂಟೆ ಕೊಟ್ಟರೆ ಗಂಡುಮರಿಗಳು ಬೆಳ್ಳಿ, ಹೆಣ್ಣುಮರಿಗಳು ಬಂಗಾರ. ಆ ಗಂಡುಮರಿಗಳ ಬೆಳ್ಳಿಯಲ್ಲಿ ಹಳದಿ ಛಾಯೆ ಇಣುಕುತ್ತದೆ, ಅದನ್ನು ತೊಳೆಯಲು ಮತ್ತೆ ಕೆಲವು ತಲೆಮಾರು ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಾಟಿ ಕ್ರಾಸ್ ಮಾಡಲೇಬೇಕು ಅನ್ನಿಸಿದರೆ ಪಕ್ಕದಲ್ಲಿ ಒಂದು ಹೇಂಟೆಯ ಜೊತೆ ಮಾತ್ರ ಮಾಡಿ, ಮುಖ್ಯ ಗೂಡಿಗೆ ಆ ಮರಿ ಸೇರಿಸಬೇಡಿ. ಒಂಟಿ ಜುಟ್ಟಿನ, ತೆಳು ಮೈಯ, ಬೂದು ಕಾಲಿನ ನಾಟಿ ಹೇಂಟೆ ಆರಿಸಿ. ಕಾಳಗದ ತಳಿಯಾದ ಅಸೀಲ್ ಬೇಡ. ಅದರ ಗಿಡ್ಡ ಜುಟ್ಟು ಮರಿಗಳಲ್ಲಿ ಮೇಲುಗೈ ಮಾಡುತ್ತದೆ, ಗರಿಯೂ ಬಿಗಿ, ಕಡಿಮೆ. ಗಿರಿರಾಜದಂಥ ಭಾರದ ಕೋಳಿಯೂ ಬೇಡ. ತಮಿಳುನಾಡಿನಲ್ಲಿ ಗಿಳಿಮೂಗಿನ ಬೀಸಣಿಗೆ ಬಾಲದ ಅಸೀಲ್ ಇದೆ, ಕಿಳಿಮೂಕು ವಿಶಿರಿವಾಲ್ ಅಂತಾರೆ. ಅದರ ಬಾಲವೂ ನೆಲ ಗುಡಿಸುತ್ತದೆ, ನೋಡಿದರೆ ಆಸೆಯಾಗುತ್ತದೆ. ಅದು ಅದರಷ್ಟಕ್ಕೇ ಬೆಳೆಸಬೇಕಾದ ನಮ್ಮ ನೆಲದ ಕೋಳಿ. ಫೀನಿಕ್ಸ್ ಜೊತೆ ಸೇರಿಸಿದರೆ ಎರಡೂ ಕೆಡುತ್ತವೆ.

ಕಾಡುಕೋಳಿಯ ಯೋಚನೆ ಬಿಟ್ಟುಬಿಡಿ. ಅದನ್ನು ಹಿಡಿಯುವುದು, ಸಾಕುವುದು, ಮೊಟ್ಟೆ ತರುವುದು ಎಲ್ಲವೂ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲದ ದೃಷ್ಟಿಯಿಂದಲೂ ಅದು ಉಲ್ಟಾ ದಾರಿ. ನಿಮ್ಮ ತೋಟಕ್ಕೆ ಬರುವ ಹುಂಜವನ್ನು ಮಳೆಗಾಲದಲ್ಲಿ ನೋಡಿ. ಕುತ್ತಿಗೆಯ ಚುಕ್ಕೆ ಗರಿ, ಉದ್ದ ಬಾಲ ಎಲ್ಲ ಉದುರಿ ಮಂಕಾಗಿರುತ್ತದೆ. ವರ್ಷವರ್ಷ ಗರಿ ಕಳಚುವುದು ಕಾಡಿನ ಗುಣ. ನಾವು ಬೇಡ ಅನ್ನುವುದು ಅದನ್ನೇ ಅಲ್ವಾ? ಅಂದಹಾಗೆ, ಊರ ಕೋಳಿಯ ಹಳದಿ ಕಾಲು ಈ ಬೂದು ಕಾಡುಕೋಳಿಯಿಂದಲೇ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ಜೀನ್ ನೋಡಿ ತೋರಿಸಿದ್ದಾರೆ. ಕಾಡು ತನ್ನ ಪಾಲು ಆಗಲೇ ಕೊಟ್ಟಿದೆ.

ಇನ್ನು ಬಾಲ ಕಾಪಾಡುವುದು. ತೀರ್ಥಹಳ್ಳಿಯ ಮಳೆಯಲ್ಲಿ ಇದೇ ದೊಡ್ಡ ಕೆಲಸ. ಹುಂಜಕ್ಕೆ ಎದೆಯೆತ್ತರಕ್ಕಿಂತ ಮೇಲೆ ಒಂದೇ ಗಳ ಕಟ್ಟಿ, ಗೋಡೆಯಿಂದ ಎರಡಡಿ ದೂರ. ಬಾಲ ಗೋಡೆಗೆ ಉಜ್ಜಬಾರದು, ನೆಲಕ್ಕೂ ತಾಗಬಾರದು. ಕೆಳಗೆ ಒಣ ಮರಳು ಅಥವಾ ಭತ್ತದ ಹೊಟ್ಟು, ತೇವ ಆದ ದಿನವೇ ಬದಲಿಸಿ. ಇಲಿ ಬರದ ಹಾಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು. ರಾತ್ರಿ ತೂಗುವ ಬಾಲವನ್ನು ಇಲಿ ಕಡಿದು ಹಾಕುತ್ತದೆ, ಎರಡು ವರ್ಷದ ಬೆಳವಣಿಗೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಹೇನು, ಉಣ್ಣೆಗೆ ವಾರಕ್ಕೊಮ್ಮೆ ಬಾಲದ ಬುಡ, ರೆಕ್ಕೆಯ ಅಡಿ ನೋಡಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮೊದಲ ವಾರದಲ್ಲಿ, ಮತ್ತೆ ಎಂಟನೇ ವಾರದ ಹೊತ್ತಿಗೆ. ಸಿಡುಬಿನ ಲಸಿಕೆಯನ್ನೂ ಪಶುವೈದ್ಯರನ್ನು ಕೇಳಿ ಹಾಕಿಸಿ.

ಗರಿ ಅಂದರೆ ಬಹುಪಾಲು ಪ್ರೋಟೀನ್. ಬರೀ ಭತ್ತ, ಜೋಳ ಹಾಕಿ ಬಾಲ ಬೆಳೆಯಲಿ ಅಂದರೆ ಆಗುವುದಿಲ್ಲ. ಮೇವಿನಲ್ಲಿ 18ರಿಂದ 20 ಶೇಕಡಾ ಪ್ರೋಟೀನ್ ಇರಲಿ. ಒಣ ಮೀನು, ಗೆದ್ದಲು, ಅಜೋಲ್ಲಾ, ಸೊಪ್ಪು ಎಲ್ಲ ಒಳ್ಳೆಯದು. ಶೇಂಗಾ ಹಿಂಡಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆ ವಿಷ ಲಿವರ್ ಕೆಡಿಸುತ್ತದೆ. ಆಗ ಹಾಕಬೇಡಿ. ಮೊಟ್ಟೆ ಕೋಳಿಯ ಲೇಯರ್ ಫೀಡ್ ಹುಂಜಕ್ಕೂ ಮರಿಗೂ ಬೇಡ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಕಿಡ್ನಿಗೆ ಪೆಟ್ಟು.

ಒಳ್ಳೆಯ ಬಾಲದ ಹುಂಜವನ್ನು ಹೇಂಟೆಗಳ ಜೊತೆ ಬಿಟ್ಟರೆ ಬಾಲ ಹಾಳಾಗುತ್ತದೆ. ಹಾಗಂತ ಅದನ್ನು ನೋಡಲು ಇಟ್ಟು ಎರಡನೇ ದರ್ಜೆಯದರಿಂದ ಮರಿ ತೆಗೆಯುವವರಿದ್ದಾರೆ. ಹಾಗೆ ಮಾಡಬೇಡಿ. ಅಳೆದು, ಫೋಟೋ ತೆಗೆದು, ಬರೆದಿಟ್ಟು, ಆಮೇಲೆ ಬಾಲವನ್ನು ಮಡಚಿ ಹತ್ತಿಬಟ್ಟೆಯಲ್ಲಿ ಸುತ್ತಿ ಕಟ್ಟಿ ಬಿಡಿ. ಅದಕ್ಕೂ ಆಗದಿದ್ದರೆ ರಕ್ತ ಇರುವ ಬುಡ ಬಿಟ್ಟು ಮೇಲೆ ಕತ್ತರಿಸಿ. ಬಾಲ ಹೋದರೂ ರಕ್ತದಲ್ಲಿ ಇರುವುದು ಎಲ್ಲಿಗೂ ಹೋಗುವುದಿಲ್ಲ. ನಾನು ಮೂರು ತಿಂಗಳು ಜೋಡಿ ಬಿಟ್ಟು, ಉಳಿದ ಒಂಬತ್ತು ತಿಂಗಳು ಹುಂಜಗಳನ್ನು ಬೇರೆ ಇಡುತ್ತೇನೆ.

ಜಪಾನಿನ ಫೋಟೋದ ಬಾಲದ ಬಗ್ಗೆ ಕೊನೆಯದಾಗಿ ಹೇಳುತ್ತೇನೆ. ಆ ಗರಿ ವರ್ಷಕ್ಕೆ 70 ಸೆಂಟಿಮೀಟರ್‌ನಿಂದ ಒಂದು ಮೀಟರ್ ಬೆಳೆಯುತ್ತದೆ. ಹತ್ತು ಮೀಟರ್ ಆಗಬೇಕಾದರೆ ಅದೇ ಗರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉದುರದೆ, ಮುರಿಯದೆ ಇರಬೇಕು. ಅದಕ್ಕಾಗಿ ಅಲ್ಲಿ ಹುಂಜವನ್ನು ಎತ್ತರದ ಕಿರಿದಾದ ಪೆಟ್ಟಿಗೆಯಲ್ಲಿ ಗಳದ ಮೇಲೆ ನಿಲ್ಲಿಸಿ ಸಾಕುತ್ತಿದ್ದರು. ತೋಮೆಬಾಕೊ ಅಂತ ಅದರ ಹೆಸರು. ನಡೆಸಲು ಹೊರಗೆ ತಂದಾಗ ಬಾಲವನ್ನು ಒಬ್ಬರು ಕೈಯಲ್ಲಿ ಹಿಡಿದು ಹಿಂದೆ ಬರಬೇಕು. ಅವರ ತಾಳ್ಮೆಯ ಬಗ್ಗೆ ನನಗೆ ಗೌರವ ಇದೆ, ಆದರೆ ನನ್ನ ಹುಂಜವನ್ನು ಹಾಗೆ ಪೆಟ್ಟಿಗೆಯಲ್ಲಿ ನಿಲ್ಲಿಸಲು ಮನಸ್ಸು ಬರುವುದಿಲ್ಲ. ನೀವೂ ಹಾಗೆ ಮಾಡಬೇಡಿ. ತೋಟದಲ್ಲಿ ಬಿಸಿಲಿಗೆ ಓಡಾಡಿಕೊಂಡು, ಮೂರು ನಾಲ್ಕು ಅಡಿ ಬಾಲ ಎಳೆದುಕೊಂಡು ಹೋಗುವ ಹುಂಜ ಐದಾರು ವರ್ಷದಲ್ಲಿ ನಿಮ್ಮ ಕೈಗೆ ಬರುತ್ತದೆ.

ಸದ್ಯ ಎರಡು ಹೇಂಟೆಯ ಕಾಲಿಗೂ ಬೇರೆ ಬೇರೆ ಬಣ್ಣದ ಉಂಗುರ ಹಾಕಿ, ಮಧ್ಯದ ಜಾಲರಿ ಕಟ್ಟಿ. ಹುಂಜದ ಬಾಲದ ಬುಡ ಯಾವ ಬಣ್ಣ ಇತ್ತು, ಚುಕ್ಕೆ ತಿಂಗಳಿಗೆ ಎಷ್ಟು ಸರಿಯಿತು ಅಂತ ಬರೆದು ಕಳಿಸಿ. ಅದನ್ನು ನೋಡಿ, ಎರಡನೇ ಜೊತೆ ತರುವಾಗ ಏನು ಹುಡುಕಬೇಕು ಅಂತ ಹೇಳುತ್ತೇನೆ.